ಚಿಟಿಕೆ ನವಸಾಗರ

ಪರೇಲಿನ ಗಿರಣಿ ಕೆಲಸಗಾರರ ಚಾಳುಗಳಲ್ಲಿ ಕಲಾಯಿ ಮರೆಪ್ಪನನ್ನು ಅರಿಯದ ಹೆಂಗಸರಿರಲಿಲ್ಲ. ಇಂಡಿ ಕಡೆಯಿಂದ ಬಂದವನು. ಹೆಗಲ ಮೇಲೆ ತಿದಿ, ಬಾಯಿ ತುಂಬ ಮಾತು. ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ಚಿಟಿಕೆ ನವಸಾಗರದ ಪುಡಿ ಉದುರಿಸಿ, ತವರ ಸವರಿ ಅರಿವೆಯಿಂದ ಒರೆಸಿದನೆಂದರೆ ಒಳಗೆಲ್ಲ ಬೆಳ್ಳಿಯ ಹೊಳಪು.

ಆ ಪುಡಿಯ ಮೇಲೆ ಸರಕಾರದ ಕಣ್ಣಿತ್ತು. ಕಳ್ಳಬಟ್ಟಿಯವರು ಕೊಳೆತ ಬೆಲ್ಲಕ್ಕೆ ಅದನ್ನೇ ಬೆರೆಸುತ್ತಿದ್ದರು. ಸಾರಾಯಿ ತಡೆಯುವ ದಾರೂಬಂದಿ ಪೊಲೀಸರು ಆಗಾಗ ಬಂದು ಅವನ ಡಬ್ಬಿ ತೆರೆಸಿ, ಇಷ್ಟೊಂದು ಯಾಕೆ ಎಂದು ಗದರಿಸುವರು. ಮರೆಪ್ಪ ಬಿಡುವವನಲ್ಲ. "ಕುಡಿಸೋರನ್ನ ಬಿಟ್ಟು ಪುಡಿ ಹಿಡೀತೀರಲ್ರೀ ಸಾಹೇಬ್ರ, ಪುಡಿ ಏನ್ ಪಾಪಾ ಮಾಡೈತಿ?" ಎಂದು ಚಾಳೆಲ್ಲ ಕೇಳುವಂತೆ ಜಗಳಕ್ಕೆ ನಿಲ್ಲುತ್ತಿದ್ದ. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ ಅನ್ನಿ.

ಎಪ್ಪತ್ತೊಂದರಲ್ಲಿ ಅದೇ ಚಾಳಿನ ಖಂಡಪ್ಪನನ್ನು ಕುಡಿತದ ದೆಸೆಯಿಂದ ಮಿಲ್ಲಿನವರು ಹೊರಹಾಕಿದರು. ಅವನ ಹೆಂಡತಿ ಸುಂದ್ರವ್ವ ಬಂದು ಮರೆಪ್ಪನ ಮುಂದೆ ಸೆರಗೊಡ್ಡಿದಳು.

"ಅಣ್ಣಾರ, ಇವರಿಗೆ ನಿಮ್ಮ ಕೆಲಸಾ ಕಲಿಸ್ರಿ. ಕೈಯಾಗ ಉದ್ಯೋಗ ಇದ್ರ ಬಾಟ್ಲಿ ಬಿಟ್ಟಾರು."

ಮರೆಪ್ಪ ಎರಡು ತಿಂಗಳು ಜೊತೆಗೆ ಕೂರಿಸಿಕೊಂಡು ಕಲಿಸಿದ. ತನ್ನ ಹಳೆಯ ತಿದಿಯನ್ನೂ ಕೊಟ್ಟು ಸಯನ್ ಕಡೆ ಗಿರಾಕಿ ಹುಡುಕಲು ಕಳಿಸಿದ. ಆಮೇಲೆ ಪ್ರತಿ ಆದಿತ್ಯವಾರ ಖಂಡಪ್ಪ ಬರುವನು, "ಪುಡಿ ತೀರೈತಿ, ಅಣ್ಣಾ" ಎನ್ನುವನು. ಕೆಲಸ ಹತ್ತಿದೆ, ಮನುಷ್ಯ ದಾರಿಗೆ ಬಂದ ಎಂದು ಮರೆಪ್ಪ ಹಿಗ್ಗಿ ದೊಡ್ಡ ಪೊಟ್ಟಣ ಕಟ್ಟಿ ಕೊಡುವನು. ತವರವನ್ನು ಮಾತ್ರ ಖಂಡಪ್ಪ ಒಮ್ಮೆಯೂ ಕೇಳಲಿಲ್ಲ. ತವರವಿಲ್ಲದೆ ಅದೆಂಥ ಕಲಾಯಿ? ಕಸಬು ಗೊತ್ತಿದ್ದ ಮರೆಪ್ಪನಿಗೇ ಅದು ಹೊಳೆಯಲಿಲ್ಲ. ಒಂದು ಸಂಸಾರ ಉಳಿಸಿದೆ ಎಂಬ ಹೆಮ್ಮೆ ಅವನಿಗೆ ತುಸು ಹೆಚ್ಚೇ ಇತ್ತು.

ದೀಪಾವಳಿಗೆ ಮುಂಚೆ, ಸಯನ್ ಹಿನ್ನೀರಿನ ಖಾಡಿಯ ಹತ್ತಿರದ ಬಟ್ಟಿಯಲ್ಲಿ ಕುಡಿದು ಖಂಡಪ್ಪ ಸತ್ತ. ಪುಡಿ ತಂದುಕೊಟ್ಟದ್ದಕ್ಕೆ ಬಟ್ಟಿಯವರು ಪುಕ್ಕಟೆ ಕುಡಿಸುತ್ತಿದ್ದರಂತೆ. ದವಾಖಾನೆಯ ಬಾಗಿಲಲ್ಲಿ ಪೊಲೀಸನೊಬ್ಬ ಇದನ್ನು ಮರೆಪ್ಪನಿಗೆ ಹೇಳಿದ.

ಖಂಡಪ್ಪನ ದಿನಕರ್ಮ ಮುಗಿದ ಮೇಲೆ ಅವನು ತಿದಿ ಹೊತ್ತು ಸುಂದ್ರವ್ವನ ಖೋಲಿಗೆ ಹೋದ. ಅವಳ ಹಿತ್ತಾಳೆ ಬೋಗುಣಿಯ ಒಳಗೆಲ್ಲ ಹಸಿರು ಕಿಲುಬು.

"ಕಲಾಯಿ ನಾಳೆ ಹಾಕ್ತೀನಿ, ನಾಳೆ ಹಾಕ್ತೀನಿ ಅಂತಿದ್ರು ಅವರು," ಎಂದಳು.

ಮರೆಪ್ಪ ಕೆಂಡ ಊದಿ, ಬೋಗುಣಿ ಕಾಯಿಸಿ, ಪುಡಿ ಉದುರಿಸಿದ. ಬಿಳಿ ಹೊಗೆ ಎದ್ದಿತು. ಸುಂದ್ರವ್ವ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಅಣ್ಣಾರ, ಒಂದ ಬೋಗಾಣಿಗೆ ಇಷ್ಟ ಸಾಕೇನ್ರಿ?"

"ಸಾಕವ್ವಾ. ಒಂದ್ ಚಿಟಿಕಿ."

"ಹಂಗಾದ್ರ ಅವರಿಗೆ ವಾರಕ್ಕೊಂದು ಪೊಟ್ಟಣಾ ಯಾಕ ಕೊಟ್ರಿ?"

ಪೊಲೀಸರಿಗೆ ಎಂದೂ ಸೋಲದ ಮರೆಪ್ಪ ಪುಡಿಯ ಡಬ್ಬಿಯನ್ನು ತನ್ನ ಹಿಂದಕ್ಕೆ ಸರಿಸಿದ. ತವರ ಕೈಯಲ್ಲೇ ಉಳಿಯಿತು. ಕಣ್ಣಲ್ಲಿ ನೀರು ಬಂದಿತು. ಹೊಗೆಗೆ ಬಂತು ಎಂದು ಹೇಳಲೂ ಅವನಿಗೆ ನಾಚಿಕೆಯಾಯಿತು.