ಮುಲುಂಡ್‌ಗೆ ಒಯ್ದ ಹಂಡೆ

ಭಾನುವಾರ ಮಧ್ಯಾಹ್ನ ಗದಗ ನಿಲ್ದಾಣದಲ್ಲಿ ನನ್ನ ಹಂಡೆಯನ್ನು ಪಾರ್ಸೆಲ್ ಡಬ್ಬಿಗೆ ಹತ್ತಿಸಲು ನಾಲ್ಕು ಜನ ಬೇಕಾದರು. ಹಂಡೆ ಎನ್ನುವುದು ನಾನಿಟ್ಟ ಹೆಸರು. ನಿಜಕ್ಕೆ ಅದು ನನ್ನ ಭುಜದೆತ್ತರದ ಸ್ಟೀಲ್ ಟ್ಯಾಂಕು. ನೂರೈವತ್ತು ಲೀಟರ್ ನೀರು ಹಿಡಿಯುತ್ತದೆ. ಬಿಸಿ ಆರದಂತೆ ಮೈಗೆ ಗಾಜಿನ ಉಣ್ಣೆ ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದ್ದೆ. ಪಾರ್ಸೆಲ್ ಗುಮಾಸ್ತರು ಚೀಟಿಯಲ್ಲಿ ‘ಖಾಲಿ ಡ್ರಮ್ಮು’ ಎಂದು ಬರೆದರು. ಎರಡು ವರ್ಷದ ಕೆಲಸಕ್ಕೆ ಅಂಥ ಹೆಸರು ನನಗೆ ಹಿಡಿಸಲಿಲ್ಲ. ‘ನೀರು ಕಾಯಿಸುವ ಯಂತ್ರ’ ಎಂದು ತಿದ್ದಿಸಿಯೇ ಅಲ್ಲಿಂದ ಕದಲಿದೆ.

ನಾನು ಐಟಿಐಯಲ್ಲಿ ವೆಲ್ಡಿಂಗ್ ಕಲಿಸುವವಳು. ಇಪ್ಪತ್ತಾರು ವರ್ಷದಿಂದ ಹುಡುಗರ ಕೈಗೆ ಬೆಂಕಿ ಕೊಟ್ಟು, ಸುಟ್ಟುಕೊಳ್ಳಬೇಡಿ ಎಂದು ಬೈಯುವುದೇ ನನ್ನ ಉದ್ಯೋಗ. ಎರಡು ವರ್ಷದ ಹಿಂದೆ ಯಂತ್ರಗಳ ಪ್ರದರ್ಶನವೊಂದನ್ನು ನೋಡಲು ಮುಂಬಯಿಗೆ ಹೋಗಿದ್ದೆ. ಜನವರಿಯ ಒಂದು ಬೆಳಿಗ್ಗೆ ಐದು ಗಂಟೆಗೆ, ಮುಲುಂಡ್ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯ ರಘುರಾಮ ಶೆಟ್ಟರ ಹೋಟೆಲು ಕಂಡಿತು. ಬಾಗಿಲು ಅರ್ಧ ತೆರೆದಿತ್ತು. ಮುಖ ತೊಳೆಯಲು ಹಿಂಬದಿಗೆ ಹೋದರೆ, ಕೆಲಸದವರು ಒಲೆ ಹಚ್ಚುವ ಮುಂಚಿನ ಸ್ನಾನ ಮಾಡುತ್ತಿದ್ದರು. ತಣ್ಣೀರು. ಮೈಮೇಲೆ ಬಿದ್ದಾಗಲೆಲ್ಲ ಒಬ್ಬೊಬ್ಬರೂ ಒಂದೊಂದು ದೇವರನ್ನು ಕರೆಯುತ್ತಿದ್ದರು. ನಾನು ಗೋಡೆಗೆ ಒರಗಿದೆ. ಗೋಡೆ ಬೆಚ್ಚಗಿತ್ತು. ಅದರ ಆಚೆ ಬದಿಗೆ ದೋಸೆಯ ಕಾವಲಿ. ಹಿಂದಿನ ದಿನದ ಉರಿ ಇನ್ನೂ ಇಟ್ಟಿಗೆಯಲ್ಲಿ ಉಳಿದಿತ್ತು.

ಪಾತ್ರೆ ತೊಳೆಯುವ ಸಿದ್ದಪ್ಪನವರು ಅಲ್ಲಿಯೇ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಇಂಡಿ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಬೆರಳ ಗೆಣ್ಣುಗಳು ಬಾತಿದ್ದವು. “ತಣ್ಣೀರು ಮುಟ್ಟಿದ್ರ ತಾಸೊತ್ತು ಕೈ ಮಡಚೂದಿಲ್ರಿ ಅಕ್ಕೋರ. ಮಡಚಿದ್ರ ಕೆಲಸ, ಇಲ್ಲಂದ್ರ ಊರು” ಎಂದರು. ಊರಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಯಾರಿಗೂ ಬೇಡವಾದ ಬಿಸಿ ಗೋಡೆಯಲ್ಲಿ ಕೂತಿದೆ, ಬೇಕಾದವರು ಈಚೆ ಬದಿಗೆ ನಡುಗುತ್ತಿದ್ದಾರೆ ಎನ್ನುವುದು ನನಗೆ ಸಿಟ್ಟು ತರಿಸಿತು. ನನಗೆ ಸಿಟ್ಟು ಬಂದರೆ ಏನಾದರೊಂದು ಮಾಡಿಯೇ ತೀರುತ್ತೇನೆ. ಕಾವಲಿಯ ಹಿಂದಿನ ಗೋಡೆಗೆ ತಾಮ್ರದ ಕೊಳವೆಯ ಸುರುಳಿ ಹುದುಗಿಸಿ, ಆ ಬಿಸಿಯನ್ನು ಸಣ್ಣ ಪಂಪಿನಿಂದ ಟ್ಯಾಂಕಿಗೆ ತಂದು, ಬೆಳಗಿನವರೆಗೆ ಕಾಪಾಡಿಡುವ ಹಂಡೆ ಹುಟ್ಟಿದ್ದು ಹೀಗೆ.

ಸೋಮವಾರ ಬೆಳಿಗ್ಗೆ ಮುಂಬಯಿ ತಲುಪಿದೆ. ಹಂಡೆಯನ್ನು ಟೆಂಪೋಕ್ಕೆ ಹಾಕಿಸಿಕೊಂಡು ಮುಲುಂಡ್ ಸೇರಲು ಎರಡು ತಾಸು ಹಿಡಿಯಿತು. ಚಳಿಗಾಲವೆಂದು ಟೆಂಪೋ ಡ್ರೈವರ್ ಮಂಗನ ಟೋಪಿ ಹಾಕಿದ್ದ. ನನಗೆ ಬೆವರುತ್ತಿತ್ತು. ಶೆಟ್ಟರು ಗಲ್ಲಾದಿಂದ ಎದ್ದು ಬಂದು ಹಂಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಬೊಂಬಾಯಿಯಲ್ಲಿ ಚಳಿ ಎಲ್ಲುಂಟು ಟೀಚರೇ? ನಾನೂ ಮೂವತ್ತು ವರ್ಷ ತಣ್ಣೀರೇ ಮಿಂದದ್ದು. ಮಗಳು ಹಟ ಮಾಡಿದಳು ಅಂತ ಒಪ್ಪಿದ್ದು. ನಾಳೆ ಚಿಮಣಿ ತೊಳೆಯಲಿಕ್ಕೆ ಹೋಟೆಲು ಬಂದ್. ಬುಧವಾರ ಬೆಳಿಗ್ಗೆ ಆರಕ್ಕೆ ಕಾವಲಿಗೆ ಬೆಂಕಿ ಬೀಳಬೇಕು. ಗುರುವಾರ ಬೆಳಿಗ್ಗೆ ಒಂಬತ್ತು ಜನಕ್ಕೂ ಬಿಸಿನೀರು ಬಂದರೆ ಇರಲಿ. ದೋಸೆ ಕೆಂಪಾಗದಿದ್ದರೆ ಮಾತ್ರ ಇದು ಸೀದಾ ಗುಜರಿಗೆ.”

“ಆಯಿತು” ಎಂದೆ. ಇನ್ನೊಮ್ಮೆ ಇಂಥ ಅವಕಾಶ ಸಿಗದು ಎಂದು ಇಬ್ಬರಿಗೂ ಗೊತ್ತಿತ್ತು. ಸಿದ್ದಪ್ಪನವರು ನನ್ನ ಚೀಲ ಎತ್ತಲು ಬಂದರು. ಹಿಡಿ ಅವರ ಬೆರಳಿಂದ ಜಾರಿತು. ಮುಜುಗರಪಟ್ಟುಕೊಂಡು ಚೀಲವನ್ನು ಮೊಣಕೈಗೆ ತೂಗುಹಾಕಿಕೊಂಡು ಒಳಗೆ ನಡೆದರು. ಎರಡು ವರ್ಷದಲ್ಲಿ ಅವರ ಕೈ ಇನ್ನಷ್ಟು ಕೆಟ್ಟಿತ್ತು.

ಇಡ್ಲಿ, ವಡೆ, ಎರಡು ಚಹಾ ಮುಗಿಸಿ ಬಾಂದ್ರಾಕ್ಕೆ ಹೊರಟೆ. ಮುಲುಂಡ್‌ನಿಂದ ದಾದರಿಗೆ ಒಂದು ಲೋಕಲ್, ಸೇತುವೆ ದಾಟಿ ಬಾಂದ್ರಾಕ್ಕೆ ಇನ್ನೊಂದು. ಮಹಿಳೆಯರ ಡಬ್ಬಿಯಲ್ಲಿ ನಾಲ್ಕನೆಯವಳಾಗಿ ಸೀಟಿನ ಅಂಚಿಗೆ ಕೂತೆ. ಎದುರಿನ ಹೆಂಗಸು ಮೊಬೈಲು ನೋಡುತ್ತಲೇ ಮೆಂತೆ ಸೊಪ್ಪು ಬಿಡಿಸಿ ಮುಗಿಸಿದಳು. ಬಾಂದ್ರಾ ಸ್ಟೇಷನ್ನಿಂದ ಶೇರ್ ರಿಕ್ಷಾ ಹಿಡಿದು, ಶೆಟ್ಟರ ಮಗಳು ದೀಕ್ಷಾ ಕೆಲಸ ಮಾಡುವ ಆಫೀಸು ಸೇರಿದೆ.

ದೀಕ್ಷಾಳ ಕಂಪನಿ ಮಾಡುವುದು ದೊಡ್ಡ ಕನ್ನಡಕಗಳಿಗೆ ಬೇಕಾದ ಚಿತ್ರಗಳನ್ನು. ಇದ್ದ ಜಾಗದಲ್ಲಿ ಇಲ್ಲದ ವಸ್ತುವನ್ನು ಕಾಣಿಸುವ ಇದಕ್ಕೆ ಮಿಕ್ಸೆಡ್ ರಿಯಾಲಿಟಿ ಎನ್ನುತ್ತಾರೆ. ಹಿಂದಿನ ವಾರ ಅವಳು ಅಪ್ಪನ ಅಡುಗೆಮನೆಯನ್ನು ಮೂಲೆಮೂಲೆಯೂ ಬಿಡದೆ ಅಳೆದು, ನಾನು ಕಳಿಸಿದ್ದ ನಕ್ಷೆಯಿಂದ ಹಂಡೆಯನ್ನೂ ಅದರಲ್ಲಿ ನಿಲ್ಲಿಸಿದ್ದಳು.

“ಆಂಟಿ, ಇಲ್ಲಿ ಸ್ಕ್ಯಾನ್ ಮಾತ್ರ ಕಾಣ್ತದೆ. ನಾಳೆ ಹೋಟೆಲಲ್ಲಿ ಹಾಕಿದ್ರೆ ಕಿಚನ್ ಅಸಲಿ, ಗೋಡೆ ಅಸಲಿ. ಟ್ಯಾಂಕ್ ಮಾತ್ರ… ಕ್ಯಾ ಬೋಲ್ತೇ ಹೈ, ಏನಂತಾರೆ, ಬರೀ ಚಿತ್ರ” ಎಂದು ನನ್ನ ತಲೆಗೆ ಕನ್ನಡಕ ಬಿಗಿದಳು.

ಆಫೀಸಿನ ಖಾಲಿ ಹಾಲಿನ ನಡುವೆ ಮುಲುಂಡ್‌ನ ಅಡುಗೆಮನೆ ಎದ್ದು ನಿಂತಿತು. ಹಿಂದಿನ ಮೂಲೆಯಲ್ಲಿ, ಬೆಚ್ಚನೆಯ ಗೋಡೆಗೆ ಅಂಟಿಕೊಂಡು ನನ್ನ ಹಂಡೆ. ಬಗ್ಗಿ ನೋಡಿದರೆ ತಳದ ನಲ್ಲಿ, ಸುತ್ತು ಹಾಕಿದರೆ ಹಿಂಬದಿಯ ಬೆಸುಗೆ. ಅಳತೆ ಒಂದು ಬೆರಳೂ ಆಚೀಚೆ ಆಗಿರಲಿಲ್ಲ. ಗೋಡೆಯಲ್ಲಿ ಒಂದು ಸಾಲು ಮೊಳೆಗಳಿದ್ದವು. ಖಾಲಿ ಮೊಳೆಗಳು, ಕಿತ್ತರಾಯಿತು ಎಂದುಕೊಂಡೆ. ಆ ಸಂಜೆ ನನ್ನಷ್ಟು ಜಾಣೆ ಇಡೀ ಪಶ್ಚಿಮ ರೈಲ್ವೆಯಲ್ಲಿ ಯಾರೂ ಇಲ್ಲ ಎಂಬ ಗತ್ತಿನಲ್ಲಿ ವಾಪಸಾದೆ.

ಮಂಗಳವಾರ ಏಳು ಗಂಟೆಗೆ ಡ್ರಿಲ್ ಹಿಡಿದು ಹೋಟೆಲಿಗೆ ಹೋದೆ. ಮೂಲೆ ಚೊಕ್ಕಟವಾಗಿತ್ತು. ತೂತು ಕೊರೆಯುವ ಜಾಗ ಗುರುತಿಸಲು ದೀಕ್ಷಾ ಕನ್ನಡಕ ತಂದಿದ್ದಳು. ಅಡುಗೆಯ ಭಟ್ಟರು ನೋಡಿದರು, ಶೆಟ್ಟರೂ ನೋಡಿದರು. ಸಿದ್ದಪ್ಪನವರಿಗೂ ಹಾಕಿದೆವು. ಅವರು ಮೂಲೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬಳಿಕ ಹಿಂಬಾಗಿಲಿಗೆ ಹೋಗಲೆಂದು ಹೊರಟವರು, ಬರಿಯ ನೆಲವಿದ್ದ ಕಡೆ ಮೈ ಓರೆ ಮಾಡಿಕೊಂಡು, ಗೋಡೆ ಸವರಿಕೊಂಡು ಸುತ್ತಿ ಹೋದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

“ಯಾಕ್ರಿ ಸಿದ್ದಪ್ಪ, ಏನೂ ಇಲ್ಲಲ್ಲ ಅಲ್ಲಿ?”

“ನಿಮ್ಮ ಹಂಡೆ ಐತಲ್ರಿ ಅಕ್ಕೋರ. ತಾಗೀತು.”

ಅವರ ಹಿಂದೆಯೇ ಹಿತ್ತಲಿಗೆ ಹೋದೆ. ಅಲ್ಲಿ ಹಾಸಿಗೆಯ ಸುರುಳಿಗಳು, ಚೀಲಗಳು, ಒಂದು ಟ್ರಂಕು ರಾಶಿ ಬಿದ್ದಿದ್ದವು. ಯಾರವು ಎಂದು ಕೇಳಿದೆ.

“ನಮ್ಮವ್ರಿ. ಹೋದ ವಾರ ದೀಕ್ಷಾ ಬಾಯಾರು ಅಳತಿಗೆ ಬಂದಾಗ, ಜಾಗಾ ಖಾಲಿ ಮಾಡ್ರಿ ಅಂದ್ರು. ತಗದ್ವಿ. ಇವತ್ತೂ ತಗದ್ವಿ.”

“ಎಲ್ಲಿರ್ತಾವು ಇವು?”

ಕನ್ನಡಕ ಇನ್ನೂ ಅವರ ಕಣ್ಣ ಮೇಲಿತ್ತು. ಬಾಗಿಲಿಂದ ಒಳಗೆ ಕೈ ಮಾಡಿದರು. “ಚೀಲ ಆ ಮೊಳಿಗೆ. ನಿಮ್ಮ ಹಂಡೆ ನಿಂತೈತಲ್ರಿ, ಅದರ ಹೊಟ್ಟ್ಯಾಗ ನಾ ಮಲಗ್ತೀನಿ. ಗ್ವಾಡಿ ಬೆಚ್ಚಗಿರತೈತಿ. ಕೈ ಹಚ್ಚಿ ಮಲಗಿದ್ರ ನಿದ್ದಿ ಹತ್ತತೈತಿ.”

ನನಗೆ ನಾಚಿಕೆಯಾಯಿತು. ಯಾರಿಗೂ ಬೇಡದ ಬಿಸಿ ಎಂದು ನಾನು ಎರಡು ವರ್ಷ ಹೇಳಿಕೊಂಡು ತಿರುಗಿದ್ದು ಈ ಮನುಷ್ಯನ ರಾತ್ರಿಯ ಬಿಸಿಯನ್ನು. ಅವರ ಕೈಗೆಂದೇ ಮಾಡಿದ ಯಂತ್ರ, ಅವರ ಜಾಗವನ್ನೂ ಗೋಡೆಯನ್ನೂ ಒಟ್ಟಿಗೇ ನುಂಗಲು ಬಂದಿತ್ತು. ಕೇಳಬೇಕಾದ ಒಂದು ಮಾತನ್ನು ನಾನು ಕೇಳಿರಲಿಲ್ಲ.

“ಇರಲಿ ಬಿಡ್ರಿ. ನಾ ಹೊರಗ ಟೇಬಲ್ ನಡಕ ಮಲಕೋತೀನಿ” ಎಂದರು ಸಿದ್ದಪ್ಪ.

ಶೆಟ್ಟರೂ ಅದನ್ನೇ ಹೇಳಿದರು. “ಅವನಿಗೆ ಬೇರೆ ಜಾಗ ಮಾಡುವ ಮಾರಾಯ್ರೇ. ನೀವು ಕೊರೆಯಿರಿ, ಟೈಮ್ ಹೋಗ್ತಾ ಉಂಟು.”

ನಾನು ಡ್ರಿಲ್ಲಿನ ವೈರು ಕಿತ್ತೆ. “ಈ ಗೋಡಿ ಮುಟ್ಟೂದಿಲ್ಲ. ಹಂಡೆ ಬ್ಯಾರೆ ಕಡೆ ಹೋಗಬೇಕು, ಇವತ್ತ ಹೋಗಬೇಕು. ನಿಮಗ ಕೊಟ್ಟ ಮಾತು ತಪ್ಪೂದಿಲ್ಲ. ಬುಧವಾರ ಆರಕ್ಕೆ ಕಾವಲಿ ನಿಮ್ಮದು.”

ದೀಕ್ಷಾ ಮೊದಲು ಪೆಚ್ಚಾದಳು. ಆಮೇಲೆ ಕನ್ನಡಕ ಹಾಕಿಕೊಂಡು ಎರಡು ಬೆರಳಿಂದ ಗಾಳಿಯಲ್ಲಿ ಹಂಡೆಯನ್ನು ಎತ್ತಿದಳು, ಅಡ್ಡ ಮಲಗಿಸಿದಳು, ಬೇರೆ ಬೇರೆ ಕಡೆ ಇಟ್ಟು ನೋಡಿದಳು. ಒಂದು ಕಡೆ ತೊಲೆ ಅಡ್ಡ ಬಂತು, ಇನ್ನೊಂದು ಕಡೆ ಕಿಟಕಿ. ಕೊನೆಗೆ ಹಿಂಬಾಗಿಲ ಮೇಲೆ, ಚಾವಣಿಯ ಕೆಳಗೆ ಉದ್ದನೆಯ ಜಾಗವೊಂದು ಸಿಕ್ಕಿತು. “ಆಂಟಿ, ಇಲ್ಲಿ ಬರ್ತದೆ. ಲೇಕಿನ್ ಪತ್ಲಾ ಆಗ್ಬೇಕು, ತೆಳ್ಳಗೆ.” ಎಲ್ಲರಿಗಿಂತ ಎತ್ತರದ ಭಟ್ಟರನ್ನು ಕೆಳಗೆ ನಡೆಸಿ ನೋಡಿದೆವು. ತಲೆ ತಾಗಲಿಲ್ಲ. ಆಗ ನನಗೆ ಇನ್ನೊಂದು ಹೊಳೆಯಿತು. ಟ್ಯಾಂಕು ಮೇಲಿದ್ದರೆ, ಸುರುಳಿಯನ್ನು ಗೋಡೆಯ ಬದಲು ಕಾವಲಿಯ ಮೇಲಿನ ಚಿಮಣಿಯ ಬಾಯಿಗೆ ಇಡಬಹುದು. ಅಲ್ಲಿಂದ ಆಕಾಶಕ್ಕೆ ಹೋಗುವ ಬಿಸಿ ನಿಜಕ್ಕೂ ಯಾರದ್ದೂ ಅಲ್ಲ. ಕಾದ ನೀರು ತಾನಾಗಿಯೇ ಮೇಲೇರುತ್ತದೆ, ಪಂಪಿನ ಹಂಗೂ ಇಲ್ಲ. ಇಷ್ಟು ಸರಳ ವಿಷಯ ಎರಡು ವರ್ಷ ನನ್ನ ತಲೆಗೆ ಹೋಗಿರಲಿಲ್ಲ.

ಹಂಡೆಯನ್ನು ಮತ್ತೆ ಟೆಂಪೋಕ್ಕೆ ಹೇರಿ ಧಾರಾವಿಗೆ ಹೋದೆವು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಮೆಹಬೂಬ ಸ್ಟೀಲ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಟೆಂಪೋ ಗಲ್ಲಿಯ ಬಾಯಲ್ಲೇ ನಿಂತಿತು. ಚರ್ಮದ ವಾಸನೆ, ಪ್ಲಾಸ್ಟಿಕ್ ಮೂಟೆಗಳ ನಡುವೆ ಹಂಡೆಯನ್ನು ಉರುಳಿಸಿಕೊಂಡು ಒಳಗೆ ತಂದೆವು. ಅಂಗಡಿ ಎಂದರೆ ಹತ್ತಡಿಗೆ ಎಂಟಡಿ. ಮೆಹಬೂಬ ನನ್ನ ಬೆಸುಗೆಯ ಮೇಲೆ ಬೆರಳಾಡಿಸಿದ.

“ಎಷ್ಟ ಛಂದ ಹಾಕೀರಿ ಮೇಡಂ. ನೀವು ಹೊರಗ ಚಹಾ ಕುಡೀರಿ, ನಾ ಕತ್ತರಸ್ತೀನಿ. ನಿಮಗ ನೋಡಾಕ ಆಗೂದಿಲ್ಲ.”

“ಗ್ರೈಂಡರ್ ಇಲ್ಲೆ ಕೊಡು” ಎಂದೆ.

ನನ್ನ ಬೆಸುಗೆಯನ್ನು ನಾನೇ ಕೊಯ್ದೆ. ಎದೆ ಚುರ್ ಎಂದಿತು. ಸುಳ್ಳು ಯಾಕೆ ಹೇಳಲಿ? ಆದರೆ ಕೊಯ್ದ ಮೇಲೆ ಅದು ಬರಿಯ ತಗಡು. ತಗಡಿನ ಜೊತೆ ಏನು ಮಾಡಬೇಕೆಂದು ನನಗೆ ಗೊತ್ತು. ಮೆಹಬೂಬ ಬಾಗಿಸಿ ಹಿಡಿದ, ನಾನು ಬೆಸೆದೆ. ಮಧ್ಯಾಹ್ನಕ್ಕೆ ಎರಡೆರಡು ವಡಾಪಾವ್ ತಿಂದೆವು. ಐದು ಗಂಟೆಗೆ ಎಂಬತ್ತು ಲೀಟರಿನ ಉದ್ದನೆಯ, ತೆಳ್ಳನೆಯ ಟ್ಯಾಂಕು ಸಿದ್ಧವಾಯಿತು. ಗಾಳಿ ತುಂಬಿ ಸೋಪಿನ ನೊರೆ ಸವರಿದಾಗ ಒಂದು ಕಡೆ ಗುಳ್ಳೆ ಎದ್ದಿತು. ಅದನ್ನೂ ಮುಚ್ಚಿದೆ. ಒಂಬತ್ತು ಜನರಿಗೆ ಎಂಬತ್ತು ಲೀಟರ್ ಸಾಕೇ ಎಂದು ಮೆಹಬೂಬ ಕೇಳಿದ. ಕುದಿಯುವಂಥ ನೀರಿಗೆ ತಣ್ಣೀರು ಬೆರೆಸಿದರೆ ತಲೆಗೊಂದು ಬಕೆಟ್ ಆಗುತ್ತದೆ ಎಂದೆ. ಲೆಕ್ಕ ಸರಿಯಿತ್ತು, ಧೈರ್ಯ ಮಾತ್ರ ಅರೆಬರೆ. ಸಂಜೆ ಮುಲುಂಡ್‌ಗೆ ಮರಳಿ ಬಾಗಿಲ ಮೇಲೆ ಕಬ್ಬಿಣದ ಕೋನಪಟ್ಟಿ ಬಿಗಿದು, ಹಳೆಯ ಗಾಜಿನ ಉಣ್ಣೆಯನ್ನೇ ಮತ್ತೆ ಸುತ್ತಿ ಟ್ಯಾಂಕು ಏರಿಸಿದೆವು. ಸುರುಳಿಗೆ ಎಣ್ಣೆ ಜಿಡ್ಡು ಹಿಡಿಯುವುದು ಖಂಡಿತವಾದ್ದರಿಂದ, ಎರಡು ನಟ್ ಬಿಚ್ಚಿದರೆ ಹೊರಗೆ ಬರುವಂತೆ ಕೂರಿಸಿದೆ.

ಬುಧವಾರ ಆರಕ್ಕೆ ಕಾವಲಿಗೆ ಬೆಂಕಿ ಬಿತ್ತು. ಶೆಟ್ಟರು ಮೊದಲ ದೋಸೆಯನ್ನು ತಟ್ಟೆಗೆ ಹಾಕಿಸಿ, ಬೆಳಕಿಗೆ ಹಿಡಿದು, ಮಗುಚಿ ನೋಡಿದರು. ಕೆಂಪಗಿತ್ತು. ಆದರೂ ಮೂರು ದೋಸೆ ತಿಂದು ಪರೀಕ್ಷೆ ಮುಗಿಸಿದರು. ನಾನು ದಿನವಿಡೀ ಟ್ಯಾಂಕಿನ ಕೆಳಗೆ ಹೋಗಿ ಬಂದು ಮಾಡಿದೆ. ಮಧ್ಯಾಹ್ನದ ತನಕ ಅದು ಬೆಚ್ಚಗಾಗಲೇ ಇಲ್ಲ. ನಾಲ್ಕು ಗಂಟೆಗೆ ಮೇಲಿನ ಕೊಳವೆ ಮುಟ್ಟಿದವಳು ಕೈ ಹಿಂದೆ ಎಳೆದುಕೊಂಡೆ.

ಗುರುವಾರ ಬೆಳಿಗ್ಗೆ ಐದಕ್ಕೆ ಲಾಡ್ಜಿನಿಂದ ಬಂದು ನಲ್ಲಿ ತಿರುಗಿಸಿದೆ. ಆವಿ ಎದ್ದಿತು. ಮೊದಲು ಭಟ್ಟರು, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಮಿಂದರು. ಆ ದಿನ ಯಾರೂ ದೇವರನ್ನು ಕರೆಯಲಿಲ್ಲ. ಕೊನೆಯ ಬಕೆಟ್ ಸಿದ್ದಪ್ಪನವರದು. ನೀರು ಇನ್ನೂ ಬಿಸಿಯಿತ್ತು. ಅವರು ಮೈಗೆ ಸುರಿದುಕೊಳ್ಳುವ ಮೊದಲು ಎರಡೂ ಕೈಗಳನ್ನು ಮೊಣಕೈ ತನಕ ಬಕೆಟಿನಲ್ಲಿ ಮುಳುಗಿಸಿ ಕುಳಿತುಬಿಟ್ಟರು. ಲೋಟಗಳು ತೊಳೆದಾಗಿಲ್ಲವೆಂದು ಗದರಲು ಬಂದ ಶೆಟ್ಟರು ಬಾಗಿಲಲ್ಲೇ ನಿಂತು, ಹಾಗೆಯೇ ಹಿಂತಿರುಗಿದರು. ಸ್ವಲ್ಪ ಹೊತ್ತಿಗೆ, “ಟೀಚರೇ, ಅದು ಅಲ್ಲೇ ಇರಲಿ” ಎಂದು ಗಲ್ಲಾದಿಂದ ಕೂಗಿದರು.

ದೀಕ್ಷಾ ಆಫೀಸಿಗೆ ಹೋಗುವ ಮುಂಚೆ ಕನ್ನಡಕದೊಂದಿಗೆ ಬಂದಳು, ಹೊಸ ಅಳತೆ ತೆಗೆಯಲು. ಕೆಲಸದವರು ಅಭ್ಯಾಸದಂತೆ ಚೀಲಗಳಿಗೆ ಕೈ ಹಾಕಿದರು.

“ಏನೂ ತೆಗೀಬೇಡಿ. ಸಬ್ ರಹನೇ ದೋ. ಎಲ್ಲಾ ಇರ್ಲಿ” ಎಂದಳು.

ಹೊರಡುವ ಮುನ್ನ ಮೂಲೆಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡಿದೆ. ಬೆಚ್ಚಗೇ ಇತ್ತು. ಅದರ ಬುಡದಲ್ಲಿ ಸಿದ್ದಪ್ಪನವರ ಹಾಸಿಗೆ ಸುತ್ತಿ ಇಟ್ಟಿತ್ತು, ಮೇಲಿನ ಮೊಳೆಗಳಲ್ಲಿ ಒಂದಕ್ಕೆ ನನ್ನ ಚೀಲ ತೂಗುತ್ತಿತ್ತು. ನಾನು ತೆಗೆದುಕೊಳ್ಳುವಷ್ಟರಲ್ಲಿ ಅವರೇ ಬಂದರು. ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ಚೀಲ ಇಳಿಸಿ, ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ರಸ್ತೆಯವರೆಗೆ ನನಗಿಂತ ಮುಂದೆ ನಡೆದರು. ರಿಕ್ಷಾ ಬಂದು ನಿಂತ ಮೇಲೂ ಅವರಿಗೆ ಅದನ್ನು ಕೆಳಗಿಡುವ ಮನಸ್ಸಿರಲಿಲ್ಲ. ನಾನೂ ಕೇಳಲಿಲ್ಲ.