ಟ್ರಾನ್ಸ್‌ಫಾರ್ಮರಿನ ಬುಡದ ಬಾಳೆಹಣ್ಣು

ಭಾಲ್ಕಿ ಕಡೆಯ ನಮ್ಮೂರಿನ ಲೈನ್‌ಮನ್ ಮಂಗಗಳು ಮುಟ್ಟಿ ಸಾಯದಿರಲೆಂದು ಹಳೆಯ ಪ್ಲಾಸ್ಟಿಕ್ ನೀರಿನ ಪೈಪು ಸೀಳಿ, ಕರೆಂಟು ತೆಗೆಸಿ, ಟ್ರಾನ್ಸ್‌ಫಾರ್ಮರಿನ ತಂತಿಗಳಿಗೆ ತೊಡಿಸುತ್ತಿದ್ದರು. "ಮಂಗ್ಯಾಗೇನ್ ತಿಳೀತದ್ರಿ, ನಮಗರ ತಿಳೀಬೇಕಲ್ರಿ" ಎನ್ನುತ್ತಿದ್ದರು. ತಂತಿ ಕೂಡುವ ತುದಿ ಮಾತ್ರ ಬರಿದೇ ಉಳಿಯುತ್ತಿತ್ತು.

ಆ ತುದಿ ಮುಟ್ಟಿ ಒಂದು ಮಂಗ ಸತ್ತಿತು. ಊರವರು ಹನುಮಪ್ಪನೆಂದು ಕೈಮುಗಿದು ಅಲ್ಲೇ ಬುಡದಲ್ಲಿ ಹೂಳಿ, ಕಲ್ಲು ನೆಟ್ಟು, ಶನಿವಾರಕ್ಕೊಮ್ಮೆ ಬಾಳೆಹಣ್ಣು ಇಡತೊಡಗಿದರು. ಹಣ್ಣಿಗೆ ಮಂಗಗಳ ಹಿಂಡೇ ಬಂತು.

"ಇಲ್ಲಿ ಇಡಬ್ಯಾಡ್ರೀ ಅವ್ವಾ, ಕಾಲ್ ಬೀಳ್ತೇನಿ" ಎಂದರು ಲೈನ್‌ಮನ್, ಹಣ್ಣು ತಂದಿದ್ದ ಒಬ್ಬ ಮುದುಕಿಗೆ.

"ದೇವ್ರಿಗಿ ಇಡಬ್ಯಾಡ ಅಂತೀಯೇನಪಾ?" ಎಂದು ಮುದುಕಿ ಹಣ್ಣು ಸುಲಿದಿಟ್ಟಳು.

ಮರುದಿನ, ಮರಿಯನ್ನು ಅವುಚಿಕೊಂಡೇ ಸತ್ತಿದ್ದ ತಾಯಿಮಂಗವನ್ನೂ ಅದರೊಂದಿಗೇ ಸತ್ತ ಮರಿಯನ್ನೂ ಲೈನ್‌ಮನ್ನರೇ ಕೆಳಗಿಳಿಸಿದರು. ನನ್ನ ಕಡೆ ನೋಡಿ, "ಮಂಗ್ಯಾಗೇನ್ ತಿಳೀತದ್ರಿ" ಎಂದು ಅಲ್ಲಿಗೇ ನಿಲ್ಲಿಸಿದರು.

ಮುಂದಿನ ಶನಿವಾರ ಅಲ್ಲಿ ಮೂರು ಕಲ್ಲುಗಳಿದ್ದವು. ಮೂರಕ್ಕೂ ಬಾಳೆಹಣ್ಣು ಇಟ್ಟಿದ್ದರು.