ತಮ್ಮನ ನಾಲ್ಕು ನಿಮಿಷ

ಬಂದರಿನ ಹಿಂದಿನ ಓಣಿಯಲ್ಲಿ ಹಾಯಿ ಹೊಲಿಯುವ ಆ ಹೆಂಗಸನ್ನು ಎಲ್ಲರೂ ನಿಮಿಷದಕ್ಕ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು. ಅವಳಿಗೂ ಒಳಗೊಳಗೇ ಖುಷಿ.

ಮಕ್ಕಳ ಆಸ್ಪತ್ರೆಯ ನೆರವಿಗೆಂದು ದೋಣಿ ಕ್ಲಬ್ಬಿನವರು ವರ್ಷಕ್ಕೊಮ್ಮೆ ಹಾಯಿದೋಣಿ ಪಂದ್ಯ ನಡೆಸುತ್ತಿದ್ದರು. ದಂತವೈದ್ಯನ ಹಗುರವಾದ ಹೊಸ ದೋಣಿ, ಇಡೀ ಸಂಸಾರವನ್ನೇ ಹೊತ್ತು ತೇಲುವ ಅಗಲ ದೋಣಿ, ಹಳೇ ಮರದ ದೋಣಿ, ಎಲ್ಲವೂ ಒಟ್ಟಿಗೇ ಹೊರಡುತ್ತಿದ್ದವು. ನಿಧಾನದ ದೋಣಿಗೆ ಇಷ್ಟು ನಿಮಿಷ ಮಾಫಿ ಎಂದು ಮೊದಲೇ ಗೊತ್ತುಮಾಡಿ, ಅದು ತೆಗೆದುಕೊಂಡ ಹೊತ್ತಿನಿಂದ ಅಷ್ಟನ್ನು ಕಳೆಯುವುದು ಪದ್ಧತಿ. ಗೊತ್ತುಮಾಡುವವಳು ಇವಳು. ಯಾವ ಹಾಯಿ ಎಷ್ಟು ಗಾಳಿ ಹಿಡಿಯುತ್ತದೆ, ಯಾರ ಹಾಯಿ ಸವೆದು ಜೋಲುತ್ತಿದೆ ಎಂಬುದು ಅವಳ ಬೆರಳುಗಳಿಗೇ ತಿಳಿದಿತ್ತು.

"ಅಕ್ಕಾ, ಇನ್ನೊಂದು ನಿಮಿಷ ಹಾಕಿ. ಈ ಸಲ ನಮ್ಮತ್ತೇನೂ ದೋಣಿ ಹತ್ತುತ್ತಾರೆ."

"ಅತ್ತೆ ತೂಕ ಎಷ್ಟು ಹೇಳಪ್ಪ. ಬಾಯಿಗೆಲ್ಲ ಮಾಫಿ ಇಲ್ಲ."

ಮರದ ದೋಣಿ ಅವಳ ತಮ್ಮನದು. ಬಡಗಿಯಾದ ಅವನು ಅದನ್ನು ತಾನೇ ಕಟ್ಟಿದ್ದ. ಅವನ ಮೊದಲ ಪಂದ್ಯದ ಹಿಂದಿನ ದಿನ ಯಾರೋ ನಗುತ್ತ, "ತಮ್ಮನಿಗೆ ಎಷ್ಟು ಬರೆದಿದ್ದೀಯಮ್ಮ?" ಎಂದು ಕೇಳಿದ್ದರು. ಲೆಕ್ಕದ ಪ್ರಕಾರ ಹತ್ತೊಂಬತ್ತು ಬರುತ್ತಿತ್ತು. ಅವಳು ಹದಿನೈದು ಎಂದು ಬರೆದಳು. ಆಮೇಲೆ ಯಾವ ವರ್ಷ ಅದನ್ನು ಸರಿಮಾಡಹೊರಟರೂ ತಮ್ಮನಿಗೆ ಏರಿಸಿದಳು ಎಂಬ ಮಾತು ಬರುತ್ತದೆಂದು ಕೈ ಹಿಂದೆಗೆಯಿತು. ಹದಿನೈದು ಹದಿನೈದಾಗಿಯೇ ಉಳಿಯಿತು. ಹದಿನೆಂಟು ವರ್ಷ ತಮ್ಮ ಎರಡನೆಯವನೋ ಮೂರನೆಯವನೋ ಆಗಿ ದಡ ಸೇರಿದ. "ನನ್ನ ದೋಣಿಯಲ್ಲೇ ಏನೋ ಐಬಿದೆ ಅಕ್ಕ," ಎನ್ನುತ್ತ ಪ್ರತಿ ಸಲವೂ ತಳ ಉಜ್ಜಿದ, ಕಂಬ ಬದಲಿಸಿದ. ಅವಳು ತಲೆ ಎತ್ತದೆ ಹೊಲಿಯುತ್ತಿದ್ದಳು.

ಹತ್ತೊಂಬತ್ತನೆಯ ವರ್ಷ ಗಾಳಿ ಹುಚ್ಚೆದ್ದು ಬೀಸಿತು. ಹಗುರ ದೋಣಿಗಳು ತತ್ತರಿಸಿದವು. ಭಾರದ ಮರದ ದೋಣಿ ನೀರು ಸೀಳಿಕೊಂಡು ಬಂತು. ಮಾಫಿಯ ಹದಿನೈದು ನಿಮಿಷ ಕಳೆದು ನೋಡಿದಾಗ ತಮ್ಮ ನಲವತ್ತು ಸೆಕೆಂಡಿನಿಂದ ಗೆದ್ದಿದ್ದ.

ದಂತವೈದ್ಯ ಬಹುಮಾನದ ಕಪ್ಪು ಕೊಡುವ ಮೇಜಿನ ಮುಂದೆಯೇ ಗುಡುಗಿದ. "ನಿಮಿಷ ಕೊಡೋಳು ಅಕ್ಕ, ಕಪ್ಪು ತಗೊಳೋನು ತಮ್ಮ. ನಾವೆಲ್ಲ ಚಪ್ಪಾಳೆ ತಟ್ಟೋಕಾ?"

ಮುಂದಿನ ಭಾನುವಾರ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಗಣಿತದ ಮೇಷ್ಟ್ರೊಬ್ಬರು ಅವಳ ಹಳೆಯ ಪುಸ್ತಕಗಳನ್ನು ತಿರುವಿಹಾಕಿ, ವಾರವಿಡೀ ಕೂತು ಲೆಕ್ಕ ಮಾಡಿ ತಂದಿದ್ದರು. ಕನ್ನಡಕ ಸರಿಪಡಿಸಿಕೊಂಡು ಹೇಳಿದರು: "ಬೇರೆ ಯಾವ ದೋಣಿಯಲ್ಲೂ ಅರ್ಧ ನಿಮಿಷದ ತಪ್ಪೂ ಇಲ್ಲ. ತಪ್ಪಿರೋದು ಒಂದರಲ್ಲೇ. ಮರದ ದೋಣಿಗೆ ಇವರು ಪ್ರತಿ ವರ್ಷ ನಾಲ್ಕು ನಿಮಿಷ ಕಮ್ಮಿ ಕೊಟ್ಟಿದ್ದಾರೆ. ಸರಿಯಾಗಿ ಕೊಟ್ಟಿದ್ರೆ ಅದು ಇನ್ನೂ ಮೂರು ಸಲ ಗೆಲ್ಲಬೇಕಿತ್ತು."

ಕ್ಲಬ್ಬಿನ ಅಧ್ಯಕ್ಷರು ಎದ್ದು, "ಪ್ರಾಮಾಣಿಕತೆ ಅಂದ್ರೆ ಇದು!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದಂತವೈದ್ಯ ಬಂದು ಕೈ ಮುಗಿದ.

ತಮ್ಮ ಮಾತ್ರ ಕದಲಲಿಲ್ಲ. ಚಪ್ಪಾಳೆ ನಿಂತ ಮೇಲೆ ಮೇಷ್ಟ್ರನ್ನು ಕೇಳಿದ, "ಆ ಮೂರು ಯಾವ್ಯಾವ ವರ್ಷ, ಸಾರ್?"

ಮೇಷ್ಟ್ರು ಓದಿದರು. ಕೊನೆಯದು ಆರು ವರ್ಷದ ಹಿಂದಿನದು. ಆ ಸಲ ಹಗ್ಗ ಹಿಡಿದು ಜೊತೆಗಿದ್ದವಳು ಅವನ ಹೆಂಡತಿ. ತಲೆಗೆ ಬಟ್ಟೆ ಸುತ್ತಿಕೊಂಡು, ಔಷಧಿಯ ಸುಸ್ತಿನಲ್ಲೇ ಬಂದಿದ್ದಳು. ಎರಡೂವರೆ ನಿಮಿಷದಿಂದ ಸೋತಿದ್ದರು. ಮುಂದಿನ ಪಂದ್ಯದ ಹೊತ್ತಿಗೆ ಅವಳಿರಲಿಲ್ಲ.

"ಆವತ್ತು ಅವಳು, ನನ್ನ ಕೈಲಿ ಬಲ ಇಲ್ಲದ್ದಕ್ಕೇ ಸೋತ್ವಿ ಅಂತ ಅತ್ತಳು," ಎಂದ ತಮ್ಮ. "ನೀನು ಪಕ್ಕದಲ್ಲೇ ಕೂತು ಸಮಾಧಾನ ಮಾಡಿದೆಯಲ್ಲ ಅಕ್ಕ."

"ಜನ ಏನಂತಾರೋ ಅಂತ..."

"ಜನ ಈಗ ಹೇಳಿದ್ರಲ್ಲ. ಕೇಳಿಸ್ಕೊಂಡ್ಯಾ?"

ಅವನು ಹೊರಟುಹೋದ. ನಿಮಿಷ ಬರೆಯುವ ಕೆಲಸವನ್ನು ಅವಳು ಅಂದೇ ಬಿಟ್ಟಳು, ಮೇಷ್ಟ್ರು ವಹಿಸಿಕೊಂಡರು. ಮರದ ದೋಣಿಗೆ ಹತ್ತೊಂಬತ್ತು ಎಂದು ಬರೆದರು. ಆದರೆ ದೋಣಿ ನೀರಿಗಿಳಿಯಲೇ ಇಲ್ಲ.

ಸಭೆಯಾಗಿ ಎರಡು ತಿಂಗಳು ಕಾದು, ರಿಪೇರಿಗೆಂದು ಅವಳಲ್ಲೇ ಉಳಿದಿದ್ದ ಅವನ ಹಾಯಿಯನ್ನು ಮಡಚಿ ಹೆಗಲ ಮೇಲೆ ಹೊತ್ತು ಅವನ ಬಡಗಿ ಅಂಗಡಿಗೆ ಹೋದಳು. ಅವನು ಹಲಗೆಗೆ ಕೀಸುಳಿ ಹಾಕುತ್ತಿದ್ದ. ತಲೆಯೆತ್ತಿ ನೋಡಿದ. ಅವಳೇ ಎತ್ತಿಕೊಂಡು ಬೆಳೆಸಿದ ತಮ್ಮ, ಮಾತು ಬಂದಾಗಿನಿಂದ ಅವಳನ್ನು ನೀನು ಎಂದೇ ಕರೆದವನು.

"ಅಲ್ಲಿ ಮೂಲೆಯಲ್ಲಿ ಇಡಿ," ಎಂದ. "ನೀವ್ಯಾಕೆ ಬರೋಕೆ ಹೋದ್ರಿ?"